ಖಾಕಿ ಬಂದರೆ ಜಗಲಿ ತೋರಿಸಿ

ಈಗ ಪೊಲೀಸ್ ಕೆಲಸಕ್ಕೆ ಸೇರುವ ಹುಡುಗರು ನನ್ನನ್ನು ಕಂಡರೆ ಮೊದಲು ಕೇಳುವುದು, "ನೀವು ಎಷ್ಟು ಜನ ಕಳ್ಳರನ್ನ ಹಿಡಿದಿದ್ದೀರಿ, ಸಾಬ್ರೇ?" ಎಂದು. ಎಷ್ಟು ಕಳ್ಳತನ ಆಗದ ಹಾಗೆ ನೋಡಿಕೊಂಡಿರಿ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದರೂ ಏನು ಹೇಳುವುದು? ನಡೆದ ಕಳ್ಳತನಕ್ಕೆ ಒಡೆದ ಬೀಗ ಇರುತ್ತದೆ, ಅಳುವ ಮನೆಯವರಿರುತ್ತಾರೆ. ನಡೆಯದೇ ಹೋದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಆದರೂ ನಮ್ಮ ಕೆಲಸದ ಮುಕ್ಕಾಲು ಪಾಲು ಅದೇ. ಅದನ್ನು ನಾನು ಹೇಗೆ ಕಲಿತೆ ಎಂದು ಬರೆದಿಡಬೇಕೆನಿಸಿತು.

ನನ್ನ ಹೆಸರು ಅಬ್ದುಲ್ ಸತ್ತಾರ್. ಹುಟ್ಟಿದ್ದು ದೊಡ್ಡಬಳ್ಳಾಪುರದಲ್ಲಿ. ಮನೆಯೊಳಗೆ ದಖ್ಖನಿ, ಹೊಸ್ತಿಲು ದಾಟಿದರೆ ಕನ್ನಡ. ಮಹಾರಾಜರ ಕಾಲದಲ್ಲಿ ಪೇದೆಯಾಗಿ ಸೇರಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ದೊಡ್ಡಬೆಳವಂಗಲದ ಕಡೆಯ ಹಳ್ಳಿಗಳಿಗೆ ದಫೇದಾರನಾಗಿದ್ದೆ. ದಫೇದಾರ ಎಂದರೆ ಈಗಿನವರ ಹೆಡ್ ಕಾನ್‌ಸ್ಟೇಬಲ್. ಜೀಪು ಇರಲಿಲ್ಲ. ಸೈಕಲ್ಲು ಇತ್ತು, ಆದರೆ ಅದರ ಟೈರು ಸವೆದರೆ ಹೊಸದು ಸಿಗುತ್ತಿರಲಿಲ್ಲ. ಹಾಗಾಗಿ ಹೆಚ್ಚಿನ ದಿನ ನಡಿಗೆಯೇ. ಬೇಲಿಯ ಪಕ್ಕ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಡೆದು ಹೋದರೆ ಊರಿನವರು ನಾಲ್ಕು ಮಾತಾಡುತ್ತಾರೆ. ಸೈಕಲ್ಲಿನಲ್ಲಿ ಹೋದರೆ ಕೈಮುಗಿದು ಸುಮ್ಮನಾಗುತ್ತಾರೆ.

ಆಗ ನಮಗೆಲ್ಲ ಹೇಳಿಕೊಟ್ಟಿದ್ದು, ಕಳ್ಳ ಕತ್ತಲಲ್ಲಿ ಬರುತ್ತಾನೆ ಎಂದು. ಲಾಟೀನು ಹಿಡಿದು ಗಸ್ತು ತಿರುಗುವುದೇ ಕಾವಲು ಎಂದುಕೊಂಡಿದ್ದೆವು. ಅದು ಪೂರ್ತಿ ನಿಜವಲ್ಲ ಎಂದು ತೋರಿಸಿದ್ದು ಒಂದು ರಾಗಿ ಸುಗ್ಗಿ.

ರಾಗಿ ಕೊಯ್ಲು ಶುರುವಾದರೆ ಹಗಲು ಹೊತ್ತು ಹಳ್ಳಿ ಬರಿದಾಗುತ್ತದೆ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಹೊಲದಲ್ಲಿ. ಮನೆಯಲ್ಲಿ ಉಳಿಯುವವರು ಕೈಲಾಗದ ಮುದುಕರು, ಬಾಣಂತಿಯರು ಮಾತ್ರ. ಆ ವರ್ಷ ಅಂಥ ಹಗಲಲ್ಲೇ ಮನೆಗಳಿಂದ ತಾಮ್ರದ, ಹಿತ್ತಾಳೆಯ ಪಾತ್ರೆಗಳು ಮಾಯವಾಗತೊಡಗಿದವು. ಯುದ್ಧದ ದೆಸೆಯಿಂದ ಲೋಹಕ್ಕೆ ಚಿನ್ನದ ಬೆಲೆ ಬಂದಿತ್ತು. ಇವತ್ತು ಈ ಊರಿನ ನೀರೊಲೆಯ ಹಂಡೆ, ನಾಳೆ ಆ ಊರಿನ ಕೊಳಗ, ಬಿಂದಿಗೆ. ಬೀಗ ಒಡೆದಿಲ್ಲ, ಹೆಂಚು ತೆಗೆದಿಲ್ಲ, ಗೋಡೆಗೆ ಕನ್ನ ಹಾಕಿಲ್ಲ. ಮನೆಯಲ್ಲಿದ್ದ ಮುದುಕಿಯರನ್ನು ಕೇಳಿದರೆ, "ನಂಗೊತ್ತಿಲ್ಲ ಸಾಮಿ, ಕಣ್ಣು ಕಾಣಾಕಿಲ್ಲ," ಎಂದು ಮುಖ ತಿರುಗಿಸುತ್ತಿದ್ದರು.

ನಮ್ಮ ಸಬ್ ಇನ್ಸ್‌ಪೆಕ್ಟರ್ ನಾರಣಪ್ಪನವರು ಕೆಟ್ಟವರಲ್ಲ, ಆದರೆ ಆತುರದವರು. ಮೇಲಿನಿಂದ ಒತ್ತಡ ಬಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹಂಡೆ ಹೋದ ಮಾಳಿಗೇನಹಳ್ಳಿಯ ಹೊರಗೆ ಹೊಂಗೆ ಮರಗಳ ಕೆಳಗೆ ಬುಟ್ಟಿ, ಮೊರ ಹೆಣೆಯುವ ಅಲೆಮಾರಿಗಳ ಗುಡಾರಗಳಿದ್ದವು. ಪ್ರತಿ ಸುಗ್ಗಿಗೂ ಬರುವ ಜನ. ಒಕ್ಕಣೆಗೆ ಮೊರ ಬೇಕಲ್ಲ!

"ಇವರದ್ದೇ ಕೆಲಸ ಸತ್ತಾರ್, ಅನುಮಾನವೇ ಇಲ್ಲ," ಎಂದರು ಸಾಹೇಬರು.

"ಗುಡಾರದಲ್ಲಿ ಒಂದು ಚೊಂಬೂ ಸಿಕ್ಕಲಿಲ್ಲ, ಸಾರ್."

"ಹೂತಿಟ್ಟಿರ್ತಾರೆ. ನಾಲ್ಕು ಬಿಗಿದರೆ ಬಾಯಿ ಬಿಡ್ತಾರೆ."

ಗುಡಾರದ ಹಿರಿಯ ಮುನಿಯ ಎಂಬುವನನ್ನು ಹಿಡಿದು ತಂದೆವು. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಬಾಯಿ ಬಿಡಲಿಲ್ಲ, ಏಕೆಂದರೆ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಲಾಠಿ ಏಟಿಗೆ ಬಲಗೈ ಬೆರಳುಗಳು ಬಾಳೆಕಾಯಿಯ ಹಾಗೆ ಊದಿಕೊಂಡವು. ಅವನ ಹೆಂಡತಿ ಯಲ್ಲಮ್ಮ ಠಾಣೆಯ ಮುಂದಿನ ಬೇವಿನ ಮರದ ಕೆಳಗೆ ಬಂದು ಕೂತಳು. ಅಳಲಿಲ್ಲ, ಬೈಯಲಿಲ್ಲ. ನಾನು ಹೊರಗೆ ಬಂದಾಗ ಒಂದೇ ಮಾತು ಹೇಳಿದಳು.

"ಹೊಡೆಯೋದಾದ್ರೆ ಬೆನ್ನಿಗೆ ಹೊಡೀರಿ ಬುದ್ಧಿ. ಕೈಗೆ ಹೊಡೆದ್ರೆ ನಾವು ಉಣ್ಣೋದು ಹೆಂಗೆ?"

ಆ ಮಾತು ಕೇಳಿ ನನಗೆ ಠಾಣೆಯಲ್ಲಿ ನಿಲ್ಲಲು ಆಗಲಿಲ್ಲ. ಇನ್ನೊಂದು ಸಲ ವಿಚಾರಿಸಿಕೊಂಡು ಬರುತ್ತೇನೆಂದು ಸಾಹೇಬರಿಗೆ ಹೇಳಿ ಮಾಳಿಗೇನಹಳ್ಳಿಗೆ ನಡೆದೆ.

ಹಂಡೆ ಕಳೆದುಕೊಂಡಿದ್ದ ಮನೆಯಲ್ಲಿ ಗೌರಜ್ಜಿ ಎಂಬ ಮುದುಕಿ ಒಬ್ಬಳೇ ಇದ್ದಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಹಿಂದಿನ ಸಲ ಸಾಹೇಬರ ಜೊತೆ ಗುಂಪಿನಲ್ಲಿ ಬಂದಿದ್ದೆ. ಈ ಸಲ ನಾನೊಬ್ಬನೇ. ಬಾಗಿಲಲ್ಲಿ ನಿಂತು, "ಅಜ್ಜೀ," ಎಂದೆ. ಆಕೆ ಹಣೆಗೆ ಕೈ ಅಡ್ಡ ಹಿಡಿದು ನನ್ನ ಟೋಪಿಯನ್ನು, ಅಂಗಿಯನ್ನು ನೋಡಿದಳು. ಮುಖ ಕಂದಿತು. ನಾನು ಇನ್ನೊಂದು ಮಾತಾಡುವ ಮೊದಲೇ ಒಳಗೆ ಹೋಗಿ, ಒಂದು ಹಿತ್ತಾಳೆ ಬಿಂದಿಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ನನ್ನ ಕಾಲ ಹತ್ತಿರ ಇಟ್ಟಳು.

"ಇದೊಂದೇ ಉಳ್ಕೊಂಡಿರೋದು, ಬುದ್ಧಿ. ಇದನ್ನೂ ತಗೊಂಡೋಗಿ. ನನ್ನ ಮಗನ್ನ ಮಾತ್ರ ಏನೂ ಮಾಡ್ಬ್ಯಾಡಿ."

ಒಡೆಯದ ಬೀಗಗಳು, ಮುಖ ತಿರುಗಿಸಿದ ಮುದುಕಿಯರು, ಎಲ್ಲವೂ ಆ ಕ್ಷಣದಲ್ಲಿ ಅರ್ಥವಾಯಿತು. ಕಳ್ಳ ಯಾರ ಮನೆಗೂ ನುಗ್ಗಿರಲಿಲ್ಲ. ಮನೆಯವರೇ ತಂದು ಕೊಟ್ಟಿದ್ದರು.

ಜಗಲಿಯ ಮೇಲೆ ಕೂತು, ಟೋಪಿ ತೆಗೆದು ಪಕ್ಕಕ್ಕಿಟ್ಟೆ. "ಮುಂಚೆ ಬಂದಿದ್ದವನು ಯಾರು ಅಜ್ಜಿ?"

"ನಿಮ್ಮಂಗೇ ಇದ್ದ. ಇದೇ ಬಟ್ಟೆ. ನಿಮ್ಮೋನಲ್ವಾ?"

"ಏನಂದ?"

ಆಕೆ ಬೀದಿಯ ಎರಡೂ ಕಡೆ ಇಣುಕಿ ನೋಡಿ, ದನಿ ತಗ್ಗಿಸಿ ಹೇಳಿದಳು. ಅದಕ್ಕೆ ಕಾರಣವಿತ್ತು. ಆ ದಿನಗಳಲ್ಲಿ ಸರ್ಕಾರ ಪ್ರತಿ ರೈತನಿಂದ ರಾಗಿ ವಸೂಲು ಮಾಡುತ್ತಿತ್ತು. ಜನ ವರ್ಷದ ಊಟಕ್ಕೆಂದು ನಾಲ್ಕು ಪಲ್ಲ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಬಚ್ಚಿಡುತ್ತಿದ್ದರು. ಬಚ್ಚಿಡದ ಮನೆಯೇ ಇರಲಿಲ್ಲ ಎನ್ನಬೇಕು. ಖಾಕಿ ತೊಟ್ಟ ಆ ಮನುಷ್ಯ ಬಂದವನೇ, "ನಿಮ್ಮ ಹಗೇವು ಎಲ್ಲಿದೆ ಅಂತ ನಮಗೆ ಗೊತ್ತು. ಯುದ್ಧಕ್ಕೆ ತಾಮ್ರ ಬೇಕು. ಹಂಡೆ ಕೊಟ್ಟರೆ ರಾಗಿ ವಿಷಯ ಬಿಡ್ತೀವಿ. ಬಾಯಿ ಬಿಟ್ಟರೆ ನಿನ್ನ ಮಗ ಜೈಲಿಗೆ," ಎಂದಿದ್ದ. ಮುದುಕಿ ಒಲೆಯ ಮೇಲಿನ ಹಂಡೆಯನ್ನು ತಾನೇ ಬರಿದು ಮಾಡಿ ಕೊಟ್ಟಿದ್ದಳು. ಮಗ ಬಂದು ಕಳ್ಳತನ ಎಂದು ಬೊಬ್ಬೆ ಹಾಕಿದಾಗ ಹೆದರಿ ಸುಮ್ಮನಾಗಿದ್ದಳು.

ಎಲ್ಲವನ್ನೂ ಹೇಳಿದ ಮೇಲೆ ಕೇಳಿದಳು: "ರಾಗಿ ತೆಗೀಬೇಕಾ, ಬುದ್ಧಿ?"

"ರಾಗಿ ನೋಡೋಕೆ ಬೇರೆಯವರಿದ್ದಾರೆ ಅಜ್ಜಿ. ನಾನು ಬಂದಿದ್ದು ಹಂಡೆಗೆ," ಎಂದೆ.

ಠಾಣೆಗೆ ಬಂದು ಹೇಳಿದಾಗ ಸಾಹೇಬರು ಮೊದಲು ನಂಬಲಿಲ್ಲ. ಮುದುಕಿಯ ಮಾತು ಕಟ್ಟಿಕೊಂಡು ಏನು ಮಾಡುವುದು ಎಂದರು. ಬೇರೆ ಊರುಗಳಲ್ಲೂ ಹೋಗಿ ಕೇಳೋಣ ಎಂದು ಹಟ ಹಿಡಿದೆ. ಸಾಹೇಬರೇ ಬಂದರು, ಪಂಚೆ ಉಟ್ಟುಕೊಂಡು. ಖಾಕಿ ಇಲ್ಲದೆ ಕೇಳಿದಾಗ ಬಾಯಿಗಳು ಬಿಚ್ಚಿಕೊಂಡವು. ಎಲ್ಲ ಕಡೆಯೂ ಅದೇ ಕಥೆ. ಒಬ್ಬನೇ ಬರುತ್ತಾನೆ, ಮೀಸೆಯವನು, ಜೋರು ದನಿ, ಊರಾಚೆ ಗಾಡಿ ನಿಂತಿರುತ್ತದೆ. ಆ ಸಂಜೆಯೇ ಮುನಿಯನನ್ನು ಬಿಟ್ಟರು. "ಹೋಗು" ಎಂದರು ಅಷ್ಟೇ. ಮುನಿಯ ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ಹೆಂಡತಿಯ ಹಿಂದೆ ನಡೆದು ಹೋದ.

ಈಗ ಆ ಮನುಷ್ಯನನ್ನು ತಡೆಯುವುದು ಹೇಗೆ? ಹಳ್ಳಿಗಳು ಬಹಳ, ನಾವು ಬೆರಳೆಣಿಕೆ ಮಂದಿ. ಒಂದು ಊರಿನಲ್ಲಿ ಕಾದರೆ ಇನ್ನೊಂದಕ್ಕೆ ಹೋಗುತ್ತಾನೆ. ಖಾಕಿಯವರನ್ನು ನಂಬಬೇಡಿ ಎಂದು ಡಂಗುರ ಹೊಡೆಸಿದರೆ ನಾಳೆ ನಮ್ಮನ್ನೇ ಊರೊಳಗೆ ಬಿಡುವುದಿಲ್ಲ. ಸಾಹೇಬರು ತಲೆ ಕೆರೆದುಕೊಂಡರು. ನಾನು ಮನೆಗೆ ಹೋಗಿ ನನ್ನ ಹೆಂಡತಿ ಫಾತಿಮಾಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ, ತಲೆ ಎತ್ತದೆ, "ಗಂಡಸರಿಲ್ಲದಾಗ ಯಾರಾದರೂ ಬಂದರೆ ನಾವು ಏನು ಮಾಡ್ತೀವಿ? ಹೊರಗೆ ಕೂರಿಸಿ ನೀರು ಕೊಟ್ಟು, ಪಕ್ಕದ ಮನೆಯವರನ್ನ ಕರೀತೀವಿ. ಬೈದು ಅಟ್ಟೋಲ್ಲ, ಒಳಗೂ ಬಿಡೋಲ್ಲ," ಎಂದಳು.

ಅಷ್ಟೇ ಸಾಕಾಯಿತು. ಪ್ರತಿ ಊರಿಗೂ ಒಬ್ಬ ತಳವಾರ ಇರುತ್ತಿದ್ದ, ಊರಿನ ಕಾವಲಿನ ಆಳು. ನಿಜವಾದ ಅಧಿಕಾರಿ ಯಾರೇ ಬಂದರೂ ಅವನನ್ನೋ ಪಟೇಲರನ್ನೋ ಕರೆದುಕೊಂಡೇ ಮನೆಗೆ ಹೋಗುವುದು ವಾಡಿಕೆ. ನಾನು ಊರೂರು ಸುತ್ತಿ ಒಂದೇ ಪಾಠ ಹೇಳಿದೆ: "ಸರ್ಕಾರದವರು ಅಂತ ಯಾರೇ ಬರಲಿ, ಜಗಲಿ ತೋರಿಸಿ. ಕೂರಿಸಿ ಮಜ್ಜಿಗೆ ಕೊಡಿ. ತಳವಾರನಿಗೆ ಹೇಳಿ ಕಳಿಸಿ. ಅವನು ಬರೋವರೆಗೂ ಹೊಸ್ತಿಲು ದಾಟಿಸಬೇಡಿ. ನಿಜವಾದವನು ಮಜ್ಜಿಗೆ ಕುಡಿದು ಕಾಯ್ತಾನೆ. ಕಳ್ಳನಿಗೆ ಪುರುಸೊತ್ತು ಇರೋಲ್ಲ."

ಹೇಳುವುದು ಸುಲಭ. ತಲೆ ಆಡಿಸಿದ ಹೆಂಗಸರೇ ಮರುವಾರ ಪರೀಕ್ಷೆಗೆಂದು ನಾನು ಒಬ್ಬನೇ ಹೋಗಿ ಗದರಿದರೆ ಬಾಗಿಲು ಬಿಟ್ಟು ಸರಿದು ನಿಲ್ಲುತ್ತಿದ್ದರು. ಕಲ್ಲುಕುಂಟೆ ಎಂಬ ಊರಿನ ಪುಟ್ಟಮ್ಮ ಎಂಬಾಕೆ ಹೀಗೆ ಎರಡು ಸಲ ನನ್ನನ್ನು ಒಳಗೆ ಬಿಟ್ಟಳು. ಬಾಣಂತಿ ಸೊಸೆಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಿದ್ದವಳು.

"ನೋಡಮ್ಮ, ಈಗ ನಿನ್ನ ಕೊಳಗ ಹೋಯ್ತು," ಎಂದೆ.

"ನೀವು ನಮ್ಮ ಸಾಬ್ರು. ನಿಮ್ಮನ್ನೆಂಗೆ ತಡೆಯಾದು?"

"ನನ್ನನ್ನ ತಡೆದ್ರೇನೇ ಅವನನ್ನ ತಡೆಯೋ ಧೈರ್ಯ ಬರೋದು."

ಮೂರನೇ ಸಲ ಹೋದಾಗ ಬಾಗಿಲಿಗೆ ಅಡ್ಡ ನಿಂತು, "ಜಗಲಿ ಮ್ಯಾಲೆ ಕೂತ್ಕಳಿ," ಎಂದಳು. ಹೇಳಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ಒಳಗಿನಿಂದ ಬಾಣಂತಿಯೂ ನಕ್ಕದ್ದು ಕೇಳಿಸಿತು.

ಇಷ್ಟರಲ್ಲಿ ಒಂದು ಪೇಚಿನ ಪ್ರಸಂಗ ನಡೆಯಿತು. ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ತಪಾಸಣೆಗೆ ಬಂದರು. ಇಂಗ್ಲೆಂಡಿನಲ್ಲಿ ಓದಿದವರು, ಬೂಟು ಕನ್ನಡಿಯ ಹಾಗೆ. ಕಳ್ಳತನವಾದ ಮನೆ ನೋಡಬೇಕೆಂದು, ನಾವು ಅವರ ಕಾರಿನಿಂದ ಇಳಿಯುವಷ್ಟರಲ್ಲಿ ಅವರೇ ಮುಂದೆ ನಡೆದು ಗೌರಜ್ಜಿಯ ಹೊಸ್ತಿಲ ಮೇಲೆ ಕಾಲಿಟ್ಟರು. ಮುದುಕಿ ಊರುಗೋಲನ್ನು ಅಡ್ಡ ಹಿಡಿದಳು.

"ತಳವಾರ ಎಲ್ಲಿ?"

ನಾರಣಪ್ಪನವರ ಮುಖ ಬಿಳಿಚಿಕೊಂಡಿತು. ಓಡಿ ಬಂದು, "ಅಜ್ಜಿ, ಅವರು ದೊಡ್ಡ ಸಾಹೇಬರು! ಬಿಡು, ಬಿಡು," ಎಂದರು.

"ಯಾರಾದ್ರೂ ಆಗ್ಲಿ. ದಫೇದಾರ್ ಸಾಬ್ರು ಹೇಳವ್ರೆ. ಕೂತ್ಕ ಮಗ, ಮಜ್ಜಿಗೆ ಕೊಡ್ತೀನಿ."

ಅಧಿಕಾರಿ ಕೋಲನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ಹ್ಯಾಟು ತೆಗೆದು ಜಗಲಿಯ ಮೇಲೆ, ಸಗಣಿ ಸಾರಿಸಿದ ನೆಲದ ಮೇಲೆಯೇ ಕೂತರು. ಕೊತ್ತಂಬರಿ, ಶುಂಠಿ ಹಾಕಿದ ಮಜ್ಜಿಗೆ ಬಂತು. ಕುಡಿದು, ಇನ್ನೊಂದು ಲೋಟ ಕೇಳಿದರು. ತಳವಾರ ಹೊಲದಿಂದ ಏದುಸಿರು ಬಿಡುತ್ತಾ ಓಡಿ ಬರುವವರೆಗೂ ಕದಲಲಿಲ್ಲ. ಹೊರಡುವಾಗ ಸಬ್ ಇನ್ಸ್‌ಪೆಕ್ಟರರಿಗೆ, "ಪಕ್ಕದ ತಾಲ್ಲೂಕಿನವರಿಗೂ ಇದನ್ನು ಹೇಳಿಕೊಡಿ," ಎಂದಷ್ಟೇ ಹೇಳಿದರು. ನೆಲಮಂಗಲದ ಕಡೆ, ತ್ಯಾಮಗೊಂಡ್ಲುವಿನವರೆಗೂ ನಾನು ಈ ಪಾಠ ಹೇಳಿಕೊಂಡು ತಿರುಗಿದ್ದು ಹಾಗೆ.

ಆ ಮೀಸೆಯವನು ಕಲ್ಲುಕುಂಟೆಗೆ ಬಂದದ್ದು ಕೊಯ್ಲು ಮುಗಿಯುತ್ತಾ ಬಂದಾಗ, ಒಂದು ಮಧ್ಯಾಹ್ನ. ನಾನು ಅಲ್ಲಿರಲಿಲ್ಲ. ನಡೆದದ್ದನ್ನು ಪುಟ್ಟಮ್ಮ, ಯಲ್ಲಮ್ಮ ಇಬ್ಬರ ಬಾಯಿಂದಲೂ ಕೇಳಿದ್ದೇನೆ.

ಗಂಡನ ಕೈ ಇನ್ನೂ ಸರಿಹೋಗಿರಲಿಲ್ಲವಾದ್ದರಿಂದ ಯಲ್ಲಮ್ಮ ತಾನೇ ಹೆಣೆದ ಮೊರಗಳನ್ನು ತಲೆಯ ಮೇಲೆ ಹೊತ್ತು ಊರೂರು ಮಾರುತ್ತಿದ್ದಳು. ಅವತ್ತು ಪುಟ್ಟಮ್ಮನ ಅಂಗಳದ ನುಗ್ಗೆ ಮರದ ನೆರಳಲ್ಲಿ ಕೂತು ಮೊರ ತೋರಿಸುತ್ತಿದ್ದಳು. ಖಾಕಿಯವನು ಬಂದು, ಒಳಗಿನ ಪಾತ್ರೆ ಎಲ್ಲ ಹೊರಗೆ ತಾ ಎಂದು ಪುಟ್ಟಮ್ಮನಿಗೆ ಗದರಿದ.

"ಜಗಲಿ ಮ್ಯಾಲೆ ಕೂತ್ಕಳಿ, ಸಾಮಿ. ಮಜ್ಜಿಗೆ ತತ್ತೀನಿ."

"ಮಜ್ಜಿಗೆ ಕುಡಿಯೋಕೆ ಬಂದಿಲ್ಲ ಕಣಮ್ಮ! ಬೇಡಿ ಹಾಕಿಸ್ತೀನಿ ನೋಡು."

ಪುಟ್ಟಮ್ಮನಿಗೆ ಹೆದರಿಕೆ ಆಯಿತಂತೆ. ಆದರೂ ಬಾಗಿಲು ಬಿಡಲಿಲ್ಲ. "ತಳವಾರ ಬರ್ಲಿ, ಕೊಡ್ತೀನಿ," ಎಂದಳು. ಒಳಗೆ ಮಗು ಕಿರುಚಿ ಅಳತೊಡಗಿತು. ಅವನು ಕೈ ಎತ್ತಿದ. ಆಗ ಆಕೆ ಗಂಟಲು ಹರಿಯುವ ಹಾಗೆ, "ತಳವಾರಾ!" ಎಂದು ಕೂಗಿದಳು. ಪಕ್ಕದ ಬೀದಿಯಿಂದ ಇನ್ನೊಬ್ಬ ಮುದುಕಿ ಅದೇ ಕೂಗು ಕೂಗಿದಳು, ಅಲ್ಲಿಂದಾಚೆ ಮತ್ತೊಬ್ಬಳು. ಕೂಗು ಮನೆಯಿಂದ ಮನೆಗೆ ಹಾಯ್ದು ಕಣದವರೆಗೂ ಹೋಯಿತು. ಅವನು ತಿರುಗಿ ಓಡಿದ.

ಯಲ್ಲಮ್ಮ ಆಗಲೇ ಅಲ್ಲಿರಲಿಲ್ಲ. ಅವನು ಬಂದು ದನಿ ಎತ್ತಿದ ಕೂಡಲೇ ಅವಳು ಮೊರಗಳನ್ನು ಅಲ್ಲೇ ಬಿಟ್ಟು ಹಿತ್ತಲ ದಾರಿಯಿಂದ ಊರಾಚೆಗೆ ಹೋಗಿದ್ದಳು. ಬರುವಾಗ ಹುಣಸೆ ಮರದ ಕೆಳಗೆ ಹುಲ್ಲು ಹೊದಿಸಿದ ಗಾಡಿ ನೋಡಿದ್ದಳು. ಗಾಡಿಯವನು ಹೆಂಡ ಕುಡಿದು ಮರದ ಬುಡದಲ್ಲಿ ಗೊರಕೆ ಹೊಡೆಯುತ್ತಿದ್ದ. ಅವಳು ಸದ್ದಿಲ್ಲದೆ ನೊಗದ ಹಗ್ಗ ಬಿಚ್ಚಿ, ಎತ್ತುಗಳ ಬೆನ್ನು ಚಪ್ಪರಿಸಿ, ಕೆರೆಯಂಗಳದ ಹಸಿರು ಹುಲ್ಲಿನ ಕಡೆ ಅಟ್ಟಿಬಿಟ್ಟಳು.

ಖಾಕಿಯವನು ಓಡಿ ಬಂದು ಗಾಡಿ ಹತ್ತಿ, "ಹೊಡಿಯೋ, ಹೊಡಿಯೋ!" ಎಂದು ಕೂಗಿದಾಗ ಮುಂದೆ ಎತ್ತುಗಳೇ ಇರಲಿಲ್ಲ. ಕಣದಿಂದ ಓಡಿ ಬಂದ ಗಂಡಸರು ಗಾಡಿಯ ಸುತ್ತ ನಿಂತರು. ಹುಲ್ಲು ಸರಿಸಿದರೆ ಬೆಳಗ್ಗೆ ಬೇರೆ ಊರಿನಲ್ಲಿ ಕಿತ್ತುಕೊಂಡಿದ್ದ ಬಿಂದಿಗೆ, ಗಂಗಾಳಗಳು.

ನಾವು ಹೋಗುವಷ್ಟರಲ್ಲಿ ಅವನನ್ನು ಗಾಡಿಯ ಚಕ್ರಕ್ಕೆ ಕಟ್ಟಿಹಾಕಿದ್ದರು. ಒಂದು ಏಟನ್ನೂ ಹೊಡೆದಿರಲಿಲ್ಲ, ಪಟೇಲರು ಬಿಟ್ಟಿರಲಿಲ್ಲ. ಅವನು ಪೊಲೀಸೂ ಅಲ್ಲ, ಸಿಪಾಯಿಯೂ ಅಲ್ಲ. ಬೆಂಗಳೂರಿನಲ್ಲಿ ಹಳೇ ಬಟ್ಟೆ ಮಾರುವವರ ಹತ್ತಿರ ಖಾಕಿ ಕೊಂಡು ತೊಟ್ಟವನು. ಅವನು ತೋರಿಸಿದ ಕಡೆ ಹುಡುಕಿದಾಗ, ಕರಗಿಸಿ ಹೋದದ್ದು ಹೋಗಿ, ಉಳಿದದ್ದು ಒಂದಿಷ್ಟು ಸಿಕ್ಕಿತು. ಪಾತ್ರೆಗಳ ಕೊರಳಲ್ಲಿ ಹೆಸರು ಕೊರೆಸಿರುತ್ತಾರಲ್ಲ, ಗೌರಜ್ಜಿಯ ಹಂಡೆ ಹಾಗೆ ಗುರುತು ಹತ್ತಿತು. ಮಗ್ಗುಲು ನೆಗ್ಗಿತ್ತು, ಆದರೆ ತೂತು ಬಿದ್ದಿರಲಿಲ್ಲ.

ಸಾಹೇಬರು ಯಲ್ಲಮ್ಮನನ್ನು ಕರೆಸಿ, ಇನಾಮು ಕೊಡಿಸುತ್ತೇನೆ, ಏನು ಬೇಕು ಕೇಳು ಎಂದರು. ಅವಳು ನೆಲ ನೋಡುತ್ತಾ ನಿಂತಿದ್ದಳು.

"ಇನಾಮು ಬ್ಯಾಡ ಬುದ್ಧಿ. ನನ್ನ ಗಂಡನ್ನ ಊರೆಲ್ಲ ನೋಡೋ ಹಂಗೆ ಹಿಡ್ಕೊಂಡೋದ್ರಿ. ಅವ್ನು ಕಳ್ಳ ಅಲ್ಲ ಅಂತ ಊರೆಲ್ಲ ಕೇಳೋ ಹಂಗೆ ಹೇಳ್ಬುಡಿ. ಅಷ್ಟು ಸಾಕು."

ಪೊಲೀಸ್ ಅಧಿಕಾರಿ ಗುಡಾರದವನ ಮುಂದೆ ತಲೆ ತಗ್ಗಿಸುವುದೆಂದರೆ ಆ ಕಾಲದಲ್ಲಿ ಕೇಳಿದವರಿಲ್ಲ. ಆದರೆ ಮರುದಿನ ನಾರಣಪ್ಪನವರು ಪೂರ್ತಿ ಸಮವಸ್ತ್ರ ತೊಟ್ಟು ಮಾಳಿಗೇನಹಳ್ಳಿಯ ಕಣಕ್ಕೆ ಬಂದರು. ಒಕ್ಕಣೆ ನಿಂತಿತು. ಎಲ್ಲರೂ ಸೇರಿದ ಮೇಲೆ ಹೇಳಿದರು: "ಮುನಿಯ ಏನೂ ಕದ್ದಿಲ್ಲ. ಅವನನ್ನ ಹಿಡಿದದ್ದು, ಹೊಡೆದದ್ದು ನನ್ನ ತಪ್ಪು. ಕಳ್ಳನನ್ನ ಹಿಡಿದುಕೊಟ್ಟವಳು ಇವನ ಹೆಂಡತಿ."

ಮುನಿಯ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿ ನಿಂತ. ಯಾರೋ ಅವನಿಗೆ ಕೂರಲು ಕಂಬಳಿ ಹಾಸಿದರು. ಆಮೇಲೆ ನಾನು ಆ ಸಾಹೇಬರ ಕೈಕೆಳಗೆ ಇನ್ನೂ ಕೆಲವು ವರ್ಷ ಇದ್ದೆ. ಅನುಮಾನದ ಮೇಲೆ ಲಾಠಿ ಎತ್ತಿದ್ದನ್ನು ಮತ್ತೆ ನೋಡಲಿಲ್ಲ. ಹುಡುಗರೇ, ನೀವು ಕಲಿಯುವುದಾದರೆ ಅದನ್ನೂ ಕಲಿಯಿರಿ.

ಮಾರನೇ ವರ್ಷ ರಾಗಿ ತೆನೆ ಬಲಿತಾಗ ಗುಡಾರಗಳು ಹೊಂಗೆ ಮರಗಳ ಹತ್ತಿರ ಇರಲಿಲ್ಲ. ಪಟೇಲರೇ ಕರೆದು ಊರೊಳಗಿನ ಕಣದ ಪಕ್ಕ ಜಾಗ ಕೊಟ್ಟಿದ್ದರು. ಊರವರು ಹೊಲಕ್ಕೆ ಹೋದಾಗ ನೀವು ಇಲ್ಲೇ ಹೆಣೆಯುತ್ತಾ ಬೀದಿಯ ಕಡೆ ಒಂದು ಕಣ್ಣಿಡಿ ಎಂದಿದ್ದರಂತೆ. ನಾನು ಗಸ್ತಿಗೆ ಹೋದ ಮಧ್ಯಾಹ್ನ ಊರಲ್ಲಿ ಸದ್ದೇ ಇರಲಿಲ್ಲ. ಮುನಿಯ ಬಿದಿರು ಸೀಳುತ್ತಿದ್ದ. ಬೆರಳುಗಳು ಮೊದಲಿನಂತೆ ಆಡುತ್ತಿದ್ದವು. ಗೌರಜ್ಜಿಯ ಜಗಲಿಯ ಕೆಳಗೆ ಯಲ್ಲಮ್ಮ ಕೂತು ಮುದುಕಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು.

"ಏನಮ್ಮ, ಹೊಸಬರು ಯಾರಾದರೂ ಬಂದಿದ್ದರಾ?" ಎಂದು ಕೇಳಿದೆ.

"ಬಂದವ್ರೆ ಸಾಬ್ರೇ, ಅಲ್ಲಿ ನೋಡಿ," ಎಂದು ಯಲ್ಲಮ್ಮ ಎದುರು ಮನೆ ತೋರಿಸಿದಳು. ಅಲ್ಲಿ ಜಗಲಿಯ ಮೇಲೆ ತೊಡೆಯ ಮೇಲೊಂದು ಚರ್ಮದ ಚೀಲ ಇಟ್ಟುಕೊಂಡು, ಖಾಲಿ ಲೋಟ ಹಿಡಿದು ಯಾರೋ ಕೂತಿದ್ದರು. "ದನದ ಡಾಕ್ಟ್ರಂತೆ. ದಾಬಸ್‌ಪೇಟೆ ಕಡೆಯಿಂದ ಬಂದವ್ರಂತೆ. ನಿಜಾನೋ ಸುಳ್ಳೋ, ತಳವಾರ ಬಂದು ಹೇಳ್ತಾನೆ."

ಡಾಕ್ಟರು ನನ್ನ ಖಾಕಿ ಕಂಡು ಜೀವ ಬಂದವರಂತೆ ಎದ್ದರು. "ದಫೇದಾರ್‌ರೇ, ನೀವಾದರೂ ಇವರಿಗೆ ಹೇಳಿ. ಹಸುವಿಗೆ ಮೈ ಸುಡ್ತಿದೆ ಅಂತ ಇವರೇ ಹೇಳಿ ಕಳಿಸಿ, ಈಗ ಒಳಗೆ ಬಿಡ್ತಿಲ್ಲ!"

ಅವರ ಕಷ್ಟ ನನಗೆ ಅರ್ಥವಾಯಿತು. ಆದರೆ ನನ್ನ ಮಾತಿಗೂ ಅಲ್ಲಿ ಬೆಲೆ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸು ಒಳಗೆ ಹೋಗಿ ಇನ್ನೊಂದು ಲೋಟ ತಂದಳು. ನಾನು ಟೋಪಿ ತೆಗೆದಿಟ್ಟು, ಡಾಕ್ಟರ ಪಕ್ಕದಲ್ಲಿ ಕೂತು ಮಜ್ಜಿಗೆ ಕುಡಿದೆ.